ಎಸ್ಟಿಮೇಟ್ ಮೊಬೈಲಿನಲ್ಲಿ, ಲೆಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ

ಅಂಗಡಿ ಇರುವುದು ಡೊಂಬಿವಲಿ ಪೂರ್ವದಲ್ಲಿ, ಗಿರಾಕಿ ಖಾರ್‌ಘರ್‌ನಲ್ಲಿ. ಸೊಸೈಟಿಯ ಕಮಿಟಿಯವರು ಸಿಸಿಟಿವಿ ಹಾಕಿಸಲು ರೇಟು ಕೇಳಿದ್ದಾರೆ. ನಿಮ್ಮ ಸೇಲ್ಸ್ ಹುಡುಗ ಹೋಗಿ ಕೇಬಲ್ ಎಷ್ಟು ಮೀಟರ್ ಬೇಕೆಂದು ಅಳೆದು, ಚೀಟಿಯಲ್ಲಿ ಬರೆದುಕೊಂಡು, ರೇಟು ಕೇಳಲು ಅಂಗಡಿಗೆ ಫೋನ್ ಮಾಡುತ್ತಾನೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಆಗಲೇ ಬೇರೊಂದು ಬಿಲ್ಲಿನ ಅವಸರ. ಅವನು ಶಿಲ್‌ಫಾಟಾದ ಟ್ರಾಫಿಕ್ ದಾಟಿ ಮರಳುವ ಹೊತ್ತಿಗೆ ಶಟರ್ ಎಳೆಯುವ ಸಮಯವಾಗಿರುತ್ತದೆ. ಎಸ್ಟಿಮೇಟ್ ಹೋಗುವುದು ಮರುದಿನ ಸಂಜೆ. ಸೊಸೈಟಿಗಳು ಸಾಮಾನ್ಯವಾಗಿ ಮೂರು ಕೊಟೇಶನ್ ತರಿಸುತ್ತವೆ. ನಿಮ್ಮದು ತಲುಪುವಾಗ ಉಳಿದಿಬ್ಬರ ಕಾಗದವನ್ನು ಕಮಿಟಿ ಓದಿ ಮುಗಿಸಿರುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ವ್ಯಾಪಾರ ಮಾಡುವ ಕನ್ನಡಿಗರಿಗೆ ಇದು ದಿನನಿತ್ಯದ ತೊಂದರೆ. ಹೋಟೆಲ್ ಅಡುಗೆಮನೆಯ ಸ್ಟೀಲ್ ಸಾಮಾನು, ಎಸಿ, ಇನ್ವರ್ಟರ್, ವಾಟರ್ ಪ್ಯೂರಿಫೈಯರ್, ಇಂಟೀರಿಯರ್, ಕೇಟರಿಂಗ್ ಹೀಗೆ ಯಾವ ಕಸುಬಾದರೂ ಗಿರಾಕಿಯ ಜಾಗಕ್ಕೆ ಹೋಗದೆ ಎಸ್ಟಿಮೇಟ್ ಕೊಡಲಾಗದು. ಆದರೆ ಲೆಕ್ಕಪತ್ರ ಇರುವುದು ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ. ಸಿಎಗೆ ಬೇಕಾದದ್ದೂ ಅದರ ಡೇಟಾವೇ. ಹಾಗಾಗಿ ‘ಎಲ್ಲವನ್ನೂ ಆನ್‌ಲೈನಿಗೆ ಹಾಕಿ’ ಎಂಬ ಸಲಹೆ ಕೇಳಲು ಸುಲಭ, ನಡೆಸಲು ಕಷ್ಟ.

ಹಳೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರನ್ನು ಹಾಗೇ ಇಟ್ಟುಕೊಂಡು, ಎಸ್ಟಿಮೇಟಿಗೆ ಮಾತ್ರ ಆನ್‌ಲೈನ್ ಸಾಫ್ಟ್‌ವೇರನ್ನು ಮೊಬೈಲಿನಲ್ಲಿ ಬಳಸಬಹುದು. ಇದು ಚೆನ್ನಾಗಿ ನಡೆಯುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಯಾವ ಕಾಗದ ಎಲ್ಲಿ ಹುಟ್ಟಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ, ಅದನ್ನು ಮುರಿಯಬಾರದು. ಎಸ್ಟಿಮೇಟ್ ಹುಟ್ಟುವುದು ಮೊಬೈಲಿನಲ್ಲಿ ಮಾತ್ರ. ಬಿಲ್ ಹುಟ್ಟುವುದು ಡೆಸ್ಕ್‌ಟಾಪಿನಲ್ಲಿ ಮಾತ್ರ.

ಇದು ಏಕೆ ನಡೆಯುತ್ತದೆ?

ಎಸ್ಟಿಮೇಟ್ ಲೆಕ್ಕದ ದಾಖಲೆಯೇ ಅಲ್ಲ. ಅದಕ್ಕೆ ಜಮಾ ಇಲ್ಲ, ಖರ್ಚಿಲ್ಲ. ಸ್ಟಾಕ್ ಕಡಿಮೆಯಾಗುವುದಿಲ್ಲ, ಗಿರಾಕಿಯ ಖಾತೆಯಲ್ಲಿ ಬಾಕಿ ಏರುವುದಿಲ್ಲ. ಎಸ್ಟಿಮೇಟ್ ಕೊಟ್ಟ ಮಾತ್ರಕ್ಕೆ ಜಿಎಸ್‌ಟಿ ಹೊಣೆಯೂ ಬರುವುದಿಲ್ಲ. ‘ಇಷ್ಟಕ್ಕೆ ಮಾಡಿಕೊಡುತ್ತೇವೆ’ ಎಂಬ ಮಾತು ಅದು, ಅಷ್ಟೆ. ಹತ್ತು ಎಸ್ಟಿಮೇಟಿನಲ್ಲಿ ಏಳು ಗಿರಾಕಿಯ ಫೋನಿನಲ್ಲೇ ಉಳಿದುಹೋದರೂ ನಿಮ್ಮ ಲೆಕ್ಕದಲ್ಲಿ ಒಂದು ಪೈಸೆ ಅಲುಗುವುದಿಲ್ಲ. ಬಿಲ್ ಹಾಗಲ್ಲ. ಅದರ ಸಂಖ್ಯೆ, ದಿನಾಂಕ, ತೆರಿಗೆ ಎಲ್ಲವೂ ರಿಟರ್ನಿಗೆ ಹೋಗುತ್ತವೆ.

ಆದ್ದರಿಂದ ಎರಡು ಸಾಫ್ಟ್‌ವೇರ್‌ಗಳ ನಡುವೆ ಗೆರೆ ಎಳೆಯಲು ಎಸ್ಟಿಮೇಟಿಗೂ ಬಿಲ್ಲಿಗೂ ನಡುವಿನ ಜಾಗಕ್ಕಿಂತ ಸುರಕ್ಷಿತ ಜಾಗವಿಲ್ಲ. ಗಿರಾಕಿ ‘ಹೂಂ’ ಎಂದ ಮೇಲೆ ಮಾತ್ರ ಆ ಗೆರೆ ದಾಟಬೇಕು, ಅದೂ ಒಂದೇ ದಿಕ್ಕಿನಲ್ಲಿ, ಮೊಬೈಲಿನಿಂದ ಡೆಸ್ಕ್‌ಟಾಪಿಗೆ. ಎರಡೂ ಕಡೆ ತಂತಾನೇ ಎಲ್ಲವೂ ಹೊಂದಿಕೊಳ್ಳುವ ‘ಟೂ ವೇ ಸಿಂಕ್’ ಆಕರ್ಷಕವಾಗಿ ಕಾಣುತ್ತದೆ. ಸಣ್ಣ ವ್ಯಾಪಾರಕ್ಕೆ ನಾನದನ್ನು ಶಿಫಾರಸು ಮಾಡುವುದಿಲ್ಲ. ಒಂದೇ ಐಟಮ್ಮಿನ ರೇಟನ್ನು ಇಬ್ಬರು ಎರಡು ಕಡೆ ತಿದ್ದಿದರೆ ಯಾವುದು ಸರಿಯೆಂದು ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಯಾವ ಸಾಫ್ಟ್‌ವೇರ್?

ಡೆಸ್ಕ್‌ಟಾಪ್ ಕಡೆ ಹೆಚ್ಚಿನವರಲ್ಲಿ ಇರುವುದು ಟ್ಯಾಲಿ. 1986ರಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಈ ಸಂಸ್ಥೆಯ ನೆಲೆ ಬೆಂಗಳೂರು. ಈಗ ಚಾಲ್ತಿಯಲ್ಲಿರುವ ಟ್ಯಾಲಿಪ್ರೈಮ್ ಬಂದದ್ದು 2020ರಲ್ಲಿ. ಆನ್‌ಲೈನ್ ಕಡೆ ಜೋಹೋ ಬುಕ್ಸ್, ಜೋಹೋ ಇನ್‌ವಾಯ್ಸ್‌ನಂಥವು ಇವೆ. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುವ ವ್ಯಾಪಾರ್‌ನಂಥವೂ ಇವೆ. ಹೆಸರಿಗಿಂತ ಮುಖ್ಯವಾಗಿ ಆನ್‌ಲೈನ್ ಸಾಫ್ಟ್‌ವೇರಿನಲ್ಲಿ ಈ ನಾಲ್ಕು ಇವೆಯೇ ನೋಡಿ: ಎಕ್ಸೆಲ್‌ನಿಂದ ಐಟಂ ಪಟ್ಟಿ ಒಳಗೆ ಹಾಕಲು ಬರಬೇಕು, ಎಸ್ಟಿಮೇಟಿಗೆ ‘ಕಳಿಸಿದೆ, ಒಪ್ಪಿದರು, ಒಪ್ಪಲಿಲ್ಲ’ ಎಂಬ ಸ್ಥಿತಿ ಗುರುತಿಸಲು ಬರಬೇಕು, ಪ್ರತಿ ನೌಕರನಿಗೂ ಬೇರೆ ಲಾಗಿನ್ ಮತ್ತು ಅಧಿಕಾರ ಕೊಡಲು ಬರಬೇಕು, ಎಲ್ಲ ಎಸ್ಟಿಮೇಟುಗಳನ್ನು ಎಕ್ಸೆಲ್ ರೂಪದಲ್ಲಿ ಹೊರತೆಗೆಯಲು ಬರಬೇಕು.

ಕೊನೆಯದನ್ನು ಹಗುರವಾಗಿ ಕಾಣಬೇಡಿ. ಜಗತ್ತಿನಾದ್ಯಂತ ಹೆಸರಾದ ಕ್ವಿಕ್‌ಬುಕ್ಸ್ 2023ರಲ್ಲಿ ಭಾರತದ ಸೇವೆಯನ್ನು ನಿಲ್ಲಿಸಿತು. ಡೇಟಾ ಹೊರತೆಗೆದುಕೊಳ್ಳುವುದೊಂದೇ ಆಗ ಬಳಕೆದಾರರಿಗೆ ಉಳಿದ ದಾರಿ. ಆನ್‌ಲೈನ್ ಸಾಫ್ಟ್‌ವೇರ್ ಎಷ್ಟು ದೊಡ್ಡ ಕಂಪನಿಯದಾದರೂ ತಿಂಗಳಿಗೊಮ್ಮೆ ಪೂರ್ತಿ ಪಟ್ಟಿ ಇಳಿಸಿ ಪೆನ್‌ಡ್ರೈವಿನಲ್ಲಿಡಿ.

ಮೊದಲ ತಯಾರಿ

1. ಐಟಂ ಪಟ್ಟಿಯನ್ನು ಡೆಸ್ಕ್‌ಟಾಪಿನಲ್ಲೇ ಶುದ್ಧಮಾಡಿ. ಇದಕ್ಕೆ ಎರಡು ದಿನ ಹೋದರೂ ಚಿಂತಿಲ್ಲ. ಮುಂದಿನ ಎಲ್ಲ ಕೆಲಸ ಇದರ ಮೇಲೇ ನಿಂತಿದೆ. ಒಂದೇ ಕ್ಯಾಮೆರಾ ಮೂರು ಹೆಸರಿನಲ್ಲಿದ್ದರೆ ಒಂದಕ್ಕೆ ಇಳಿಸಿ. ಪ್ರತಿ ಐಟಮ್ಮಿಗೂ ಒಂದು ಕೋಡ್ ಕೊಡಿ. ಹೆಸರನ್ನು ಒಬ್ಬರು ಒಂದೊಂದು ರೀತಿ ಬರೆಯುತ್ತಾರೆ, ಕೋಡ್ ಮಾತ್ರ ಎರಡೂ ಕಡೆ ಒಂದೇ ಇರುತ್ತದೆ. ಟ್ಯಾಲಿಯಲ್ಲಿ ಅದನ್ನು ಅಲಿಯಾಸ್ ಅಥವಾ ಪಾರ್ಟ್ ನಂಬರ್ ಆಗಿ ಇಡಬಹುದು. ಕೋಡ್ ಅಕ್ಷರದಿಂದಲೇ ಶುರುವಾಗಲಿ. ‘0045’ ಎಂದು ಕೊಟ್ಟರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ತಿಳಿದು ‘45’ ಮಾಡಿಬಿಡುತ್ತದೆ.

ಇದೇ ಕಾರಣಕ್ಕೆ ಎಚ್‌ಎಸ್‌ಎನ್ ಕಾಲಮನ್ನೂ ಎಕ್ಸೆಲ್‌ನಲ್ಲಿ ‘ಟೆಕ್ಸ್ಟ್’ ಎಂದು ಗುರುತಿಸಿ. ವಾಶಿ ಎಪಿಎಂಸಿಯ ದಾಣಾ ಬಜಾರ್, ಮಸಾಲಾ ಮಾರ್ಕೆಟಿನವರಿಗೆ ಇದು ಇನ್ನೂ ಮುಖ್ಯ. ಬೇಳೆಕಾಳಿನ 0713, ಕರಿಮೆಣಸಿನ 0904, ಏಲಕ್ಕಿಯ 0908 ಎಲ್ಲವೂ ಸೊನ್ನೆಯಿಂದಲೇ ಶುರು. ಸೊನ್ನೆ ಹೋದರೆ ಕೋಡ್ ಪೂರ್ತಿ ತಪ್ಪುತ್ತದೆ.

2. ತೆರಿಗೆ ದರ ಇಂದಿನದೇ ಎಂದು ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾದವು. ಶೇ. 12 ಮತ್ತು 28ರ ಹಂತದಲ್ಲಿದ್ದ ಬಹುತೇಕ ಸರಕುಗಳು ಶೇ. 5 ಅಥವಾ 18ಕ್ಕೆ ಇಳಿದವು, ಎಸಿ ಶೇ. 28ರಿಂದ 18ಕ್ಕೆ ಬಂತು. ಅಂಗಡಿಯ ಕಂಪ್ಯೂಟರಿನಲ್ಲಿ ದರ ತಿದ್ದಿ ಮೊಬೈಲಿನದನ್ನು ಮರೆತರೆ, ಒಂದೇ ಎಸಿಗೆ ಎಸ್ಟಿಮೇಟಿನಲ್ಲಿ ಒಂದು ಮೊತ್ತ, ಬಿಲ್ಲಿನಲ್ಲಿ ಇನ್ನೊಂದು. ದರ ಬದಲಾದ ದಿನ ಎರಡೂ ಕಡೆ ತಿದ್ದುವ ಕೆಲಸವನ್ನು ಒಬ್ಬರಿಗೇ ಒಪ್ಪಿಸಿ.

3. ರೇಟನ್ನು ಎರಡೂ ಕಡೆ ತೆರಿಗೆ ಬಿಟ್ಟು ಬರೆಯಿರಿ, ಪೂರ್ಣ ರೂಪಾಯಿಯಲ್ಲಿ. ಕಾರಣ ಹೀಗಿದೆ. ತೆರಿಗೆ ಸೇರಿ 1,000 ರೂಪಾಯಿಯ ಒಂದು ವಸ್ತು, ಶೇ. 18ರ ತೆರಿಗೆ ಕಳೆದರೆ ಮೂಲ ಬೆಲೆ 847.46. ಅದನ್ನು ಏಳರಿಂದ ಗುಣಿಸಿದರೆ 5,932.22, ಅದಕ್ಕೆ ಕೇಂದ್ರದ 533.90, ರಾಜ್ಯದ 533.90 ಸೇರಿದರೆ 7,000.02. ಇನ್ನೊಂದು ಸಾಫ್ಟ್‌ವೇರ್ ಏಳರ ಒಟ್ಟು 7,000ದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೂಲ ಬೆಲೆ 5,932.20 ಎಂದಾಗಿ ಒಟ್ಟು ಸರಿಯಾಗಿ 7,000 ಬರುತ್ತದೆ. ವ್ಯತ್ಯಾಸ ಎರಡೇ ಪೈಸೆ. ಆದರೆ ತಿಂಗಳ ಕೊನೆಗೆ ಆ ಎರಡು ಪೈಸೆ ಹುಡುಕುತ್ತ ಕೂರುವವರಿಗೆ ಅದರ ಕಷ್ಟ ಗೊತ್ತು. 850 ರೂಪಾಯಿ ಮತ್ತು ತೆರಿಗೆ ಎಂದು ಬರೆದರೆ ಈ ಗೋಜಲು ಏಳುವುದೇ ಇಲ್ಲ. ರೌಂಡ್ ಆಫ್ ಮಾಡುವ ಕ್ರಮವೂ ಎರಡೂ ಕಡೆ ಒಂದೇ ಇರಲಿ.

4. ಗಿರಾಕಿಗಳ ಪಟ್ಟಿ ಎರಡೂ ಕಡೆ ಸಮನಾಗಿರಬೇಕಿಲ್ಲ. ವಿಚಾರಿಸಲು ಕರೆದವರೆಲ್ಲರ ಹೆಸರು ಮೊಬೈಲಿನಲ್ಲಿ ಮಾತ್ರ ಇರಲಿ. ಆರ್ಡರ್ ಕೊಟ್ಟ ದಿನ ಡೆಸ್ಕ್‌ಟಾಪಿನಲ್ಲಿ ಲೆಡ್ಜರ್ ತೆರೆಯಿರಿ. ಇಲ್ಲವಾದರೆ ಒಂದು ವರ್ಷದಲ್ಲಿ ನಿಮ್ಮ ಲೆಡ್ಜರ್ ಪಟ್ಟಿಯ ತುಂಬ ಒಂದು ರೂಪಾಯಿಯ ವ್ಯವಹಾರವೂ ಇಲ್ಲದ ಹೆಸರುಗಳು ಸೇರಿಕೊಳ್ಳುತ್ತವೆ. ಜಿಎಸ್‌ಟಿ ನಂಬರ್ ಇರುವ ಗಿರಾಕಿಯಾದರೆ ಅದರ 15 ಅಕ್ಷರಗಳಲ್ಲಿ ಮೊದಲ ಎರಡನ್ನು ಸ್ಥಳದಲ್ಲೇ ನೋಡಿ. 27 ಎಂದರೆ ಮಹಾರಾಷ್ಟ್ರ, 29 ಎಂದರೆ ಕರ್ನಾಟಕ. ಮಹಾಪೆಯ ಆಫೀಸಿನವರು ಬೆಂಗಳೂರಿನ ಹೆಡ್ ಆಫೀಸಿನ ನಂಬರ್ ಕೊಟ್ಟಿದ್ದರೆ, ಅಲ್ಲೇ ಕೂಡಿಸಿ ಹಾಕುವ ಸಾಮಾನಿಗೆ ಯಾವ ತೆರಿಗೆ ಹಾಕಬೇಕೆಂದು ಎಸ್ಟಿಮೇಟ್ ಕಳಿಸುವ ಮೊದಲೇ ಸಿಎಯನ್ನು ಕೇಳಿ. ಬಿಲ್ ಆದ ಮೇಲೆ ಕೇಳಿದರೆ ತಿದ್ದುಪಡಿ, ಕ್ರೆಡಿಟ್ ನೋಟ್ ಎಂದು ಕೆಲಸ ಬೆಳೆಯುತ್ತದೆ.

5. ಎಸ್ಟಿಮೇಟಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಒಂದನ್ನೊಂದು ಹೋಲಬಾರದು. ಜಿಎಸ್‌ಟಿ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಸರಣಿಯಲ್ಲಿ ಕ್ರಮವಾಗಿ ಸಾಗಬೇಕು, ಆರ್ಥಿಕ ವರ್ಷದೊಳಗೆ ಪುನರಾವರ್ತನೆ ಆಗಬಾರದು. ಎಸ್ಟಿಮೇಟಿಗೆ ಈ ಕಟ್ಟುಪಾಡಿಲ್ಲ. ಅದಕ್ಕೆ ‘ಕ್ಯೂ’ ಅಕ್ಷರ ಸೇರಿಸಿ, ಎಲ್ಲಕ್ಕಿಂತ ಮೊದಲು ಊರಿನ ಗುರುತು ಹಾಕಿ: ಡೊಂಬಿವಲಿಗೆ ‘ಡಿ’, ಕಲ್ಯಾಣಕ್ಕೆ ‘ಕೆ’, ಥಾಣೆಗೆ ‘ಟಿ’, ನವಿ ಮುಂಬಯಿಗೆ ‘ಎನ್’. ಆಗ ‘ಎನ್-ಕ್ಯೂ-0147’ ಎಂದು ಕಂಡೊಡನೆ ಯಾವ ಕಡೆಯದೆಂದು ಗೊತ್ತಾಗುತ್ತದೆ, ಯಾವ ಊರಿನಿಂದ ಎಷ್ಟು ಎಸ್ಟಿಮೇಟ್ ಹೋಗಿ ಎಷ್ಟು ಕೆಲಸ ಬಂತು ಎಂಬುದನ್ನೂ ಸುಲಭವಾಗಿ ಎಣಿಸಬಹುದು.

6. ಮೊಬೈಲ್ ಲಾಗಿನ್‌ಗೆ ಬಿಲ್ ಮಾಡುವ ಅಧಿಕಾರವನ್ನೇ ಕೊಡಬೇಡಿ. ಸೇಲ್ಸ್ ಹುಡುಗನಿಗೆ ಎಸ್ಟಿಮೇಟ್ ಮಾಡಲು, ಕಳಿಸಲು ಬಂದರೆ ಸಾಕು. ಖರೀದಿ ಬೆಲೆ ಅವನಿಗೆ ಕಾಣಬಾರದು. ಎಷ್ಟರವರೆಗೆ ರಿಯಾಯಿತಿ ಕೊಡಬಹುದೆಂದು ಬರೆದು ಕೊಡಿ.

ಗಿರಾಕಿಯ ಎದುರು ಕೂತಾಗ

ಎಸ್ಟಿಮೇಟನ್ನು ಅಲ್ಲೇ, ಗಿರಾಕಿಯ ಮುಂದೆಯೇ ಮುಗಿಸುವುದು ಈ ಇಡೀ ವ್ಯವಸ್ಥೆಯ ಉದ್ದೇಶ. ಅಳತೆ ತೆಗೆದ ಜಾಗದ ಫೋಟೊ ಸೇರಿಸಿ. ಕೆಲಸದಲ್ಲಿ ಏನು ಸೇರಿದೆ ಎಂಬುದಕ್ಕಿಂತ ಏನು ಸೇರಿಲ್ಲ ಎಂಬುದನ್ನು ಎದ್ದುಕಾಣುವಂತೆ ಬರೆಯಿರಿ: ಗೋಡೆ ಒಡೆದದ್ದನ್ನು ಮುಚ್ಚುವ ಕೆಲಸ, ವಿದ್ಯುತ್ ಪಾಯಿಂಟ್, ಹಳೆಯ ಸಾಮಾನು ಸಾಗಿಸುವುದು. ಘೋಡ್‌ಬಂದರ್ ರಸ್ತೆಯ, ಪಲಾವಾದ ಎತ್ತರದ ಕಟ್ಟಡಗಳಲ್ಲಿ ಕೆಲಸದ ಸಮಯಕ್ಕೆ, ಸರ್ವಿಸ್ ಲಿಫ್ಟಿಗೆ, ಗೇಟ್ ಪಾಸಿಗೆ ಸೊಸೈಟಿಯದೇ ನಿಯಮಗಳಿರುತ್ತವೆ. ದಿನಕ್ಕೆ ಐದು ತಾಸು ಮಾತ್ರ ಡ್ರಿಲ್ ಮಾಡಲು ಬಿಡುವ ಕಟ್ಟಡದಲ್ಲಿ ಒಂದು ದಿನದ ಕೂಲಿ ಹಿಡಿದರೆ ನಷ್ಟ ನಿಮ್ಮದೇ. ಎಸ್ಟಿಮೇಟ್ ಬರೆಯುವ ಮುನ್ನ ವಾಚ್‌ಮನ್‌ನನ್ನೋ ಸೊಸೈಟಿ ಮ್ಯಾನೇಜರನ್ನೋ ಕೇಳಿ, ಆ ಕೂಲಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ.

ಷರತ್ತುಗಳನ್ನು ಇಂಗ್ಲಿಷಿನ ಜೊತೆ ಮರಾಠಿಯಲ್ಲೂ ಒಮ್ಮೆ ಸರಿಯಾಗಿ ಬರೆಸಿ ಸಾಫ್ಟ್‌ವೇರಿನಲ್ಲಿ ಕಾಯಂ ಆಗಿ ಇಡಿ. ಡೊಂಬಿವಲಿ, ಕಲ್ಯಾಣದ ಸೊಸೈಟಿ ಕಮಿಟಿಗಳಲ್ಲಿ ನಿಮ್ಮ ಕಾಗದವನ್ನು ಹತ್ತು ಜನ ಓದುತ್ತಾರೆ. ತಮ್ಮ ಭಾಷೆಯಲ್ಲಿ ಓದಿದ ಷರತ್ತಿನ ಬಗ್ಗೆ ಆಮೇಲೆ ತಕರಾರು ಕಡಿಮೆ.

ಎರಡು ಸಾಲು ಯಾವ ಎಸ್ಟಿಮೇಟಿನಲ್ಲೂ ತಪ್ಪಬಾರದು. ಒಂದು, ‘ಈ ದರ ಇಂಥ ದಿನಾಂಕದವರೆಗೆ ಮಾತ್ರ’. ಇನ್ನೊಂದು, ‘ಜಿಎಸ್‌ಟಿ ಸರಬರಾಜಿನ ದಿನ ಜಾರಿಯಲ್ಲಿರುವ ದರದಂತೆ’. 2025ರ ಸೆಪ್ಟೆಂಬರಿನಂತೆ ನಡುವೆ ದರ ಬದಲಾದಾಗ ಈ ಎರಡನೆಯ ಸಾಲೇ ವಾದವನ್ನು ತಪ್ಪಿಸುವುದು.

ನೆಟ್‌ವರ್ಕಿನ ಮಾತು ಬೇರೆಯೇ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ, ಎಂಐಡಿಸಿಯ ತಗಡಿನ ಶೆಡ್ಡುಗಳ ಒಳಗೆ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ‘ಸೇವ್’ ಒತ್ತಿದಾಗ ಚಕ್ರ ತಿರುಗುತ್ತಲೇ ಇದ್ದರೆ ಮತ್ತೆ ಮತ್ತೆ ಒತ್ತಬೇಡಿ, ಹೊಸದೊಂದನ್ನು ಶುರುಮಾಡಲೂ ಬೇಡಿ. ಅಳತೆ, ಐಟಂ ಕೋಡುಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡು ಹೊರಗೆ ಬಂದು ಪಟ್ಟಿ ನೋಡಿ. ಮೊದಲಿನದು ಉಳಿದಿಲ್ಲವೆಂದು ಖಚಿತವಾದ ಮೇಲೆ ಮಾತ್ರ ಮತ್ತೆ ಮಾಡಿ. ಹೀಗೆ ಮಾಡದಿದ್ದರೆ ಒಬ್ಬ ಗಿರಾಕಿಗೆ ಎರಡು ಸಂಖ್ಯೆಯ ಎರಡು ಎಸ್ಟಿಮೇಟ್ ಹೋಗಿ, ಅವರು ಕಡಿಮೆ ಮೊತ್ತದ್ದನ್ನು ಹಿಡಿದು ಕೂರುತ್ತಾರೆ.

ಸ್ಟಾಕಿನ ಸಂಖ್ಯೆಯನ್ನು ಮೊಬೈಲಿಗೆ ಹಾಕಲೇಬೇಡಿ. ಬೆಳಿಗ್ಗೆ ಹಾಕಿದ ಸಂಖ್ಯೆ ಮಧ್ಯಾಹ್ನಕ್ಕೆ ಹಳತಾಗಿರುತ್ತದೆ, ಹುಡುಗ ಮಾತ್ರ ಅದನ್ನೇ ನಂಬಿ ‘ನಾಳೆಯೇ ಹಾಕಿಕೊಡುತ್ತೇವೆ’ ಎಂದಿರುತ್ತಾನೆ. ತಕ್ಷಣ ಸಿಗದ ಐಟಂಗಳ ಪಟ್ಟಿಯನ್ನು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು.

ಸಂಜೆಯ ಕೆಲಸ: ಗೆರೆ ದಾಟಿಸುವುದು

ದಿನಕ್ಕೊಮ್ಮೆ, ಗೊತ್ತಾದ ಸಮಯದಲ್ಲಿ, ಒಬ್ಬರೇ ಈ ಕೆಲಸ ಮಾಡಬೇಕು.

1. ಆನ್‌ಲೈನಿನಲ್ಲಿ ‘ಒಪ್ಪಿದರು’ ಎಂದು ಗುರುತಾದ ಎಸ್ಟಿಮೇಟುಗಳನ್ನು ಮಾತ್ರ ತೆಗೆಯಿರಿ. ಫೋನಿನಲ್ಲಿ ‘ಮಾಡಿ’ ಎಂದದ್ದು ಸಾಲದು. ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಒಂದು ಸಾಲು ಬರಹ ಇರಲಿ. ಸೊಸೈಟಿಯಾದರೆ ಲೆಟರ್‌ಹೆಡ್‌ನಲ್ಲಿ ವರ್ಕ್ ಆರ್ಡರ್ ಕೇಳಿ.

2. ಡೆಸ್ಕ್‌ಟಾಪಿನಲ್ಲಿ ಅದನ್ನು ಸೇಲ್ಸ್ ಆರ್ಡರ್ ಆಗಿ ದಾಖಲಿಸಿ, ಬಿಲ್ ಆಗಿ ಅಲ್ಲ. ಗಿರಾಕಿ ಒಪ್ಪಿದ್ದಾರೆ, ಸಾಮಾನು ಇನ್ನೂ ಹೋಗಿಲ್ಲ. ಅದನ್ನು ಸರಿಯಾಗಿ ಹೇಳುವ ಕಾಗದ ಸೇಲ್ಸ್ ಆರ್ಡರ್. ಲೆಕ್ಕವೂ ಅಲುಗುವುದಿಲ್ಲ, ಕೊಡಬೇಕಾದದ್ದು ಎಷ್ಟು ಬಾಕಿಯಿದೆ ಎಂಬುದೂ ಕಾಣುತ್ತದೆ. ಟ್ಯಾಲಿಯಲ್ಲಿ ‘ಆಪ್ಶನಲ್’ ವೋಚರ್ ಎಂಬ ಇನ್ನೊಂದು ಸೌಲಭ್ಯವಿದೆ. ಅದೂ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಒಂದೇ ಕೀಲಿ ಒತ್ತಿದರೆ ನಿಜವಾದ ಬಿಲ್ಲಾಗಿಬಿಡುತ್ತದೆ. ಹಲವರು ಬಳಸುವ ಕಂಪ್ಯೂಟರಿಗೆ ಸೇಲ್ಸ್ ಆರ್ಡರೇ ಕ್ಷೇಮ.

3. ಆರ್ಡರ್ ನಂಬರಿನ ಜಾಗದಲ್ಲಿ ಎಸ್ಟಿಮೇಟಿನ ಸಂಖ್ಯೆಯನ್ನೇ ಬರೆಯಿರಿ. ಎರಡು ಸಾಫ್ಟ್‌ವೇರ್‌ಗಳ ನಡುವೆ ಇರುವ ಒಂದೇ ಕೊಂಡಿ ಇದು.

4. ಸಾಮಾನು ಹೋದ ದಿನ ಡೆಸ್ಕ್‌ಟಾಪಿನಿಂದ ಬಿಲ್ ಮಾಡಿ, ಆ ಬಿಲ್ಲಿನ ಸಂಖ್ಯೆಯನ್ನು ಮೊಬೈಲಿನ ಎಸ್ಟಿಮೇಟಿನ ಟಿಪ್ಪಣಿಯಲ್ಲಿ ಬರೆದು ಮುಗಿಸಿ. ಆನ್‌ಲೈನ್ ಸಾಫ್ಟ್‌ವೇರಿನಲ್ಲಿ ‘ಇನ್‌ವಾಯ್ಸ್ ಆಗಿ ಬದಲಿಸಿ’ ಎಂಬ ಬಟನ್ ಕಾಣುತ್ತಲೇ ಇರುತ್ತದೆ. ಅದನ್ನು ಮುಟ್ಟಬಾರದು.

ಕೈಯಲ್ಲಿ ಟೈಪ್ ಮಾಡಬೇಕೇ, ಎಕ್ಸೆಲ್‌ನಿಂದ ಒಳಗೆಳೆಯಬೇಕೇ? ದಿನಕ್ಕೆ ನಾಲ್ಕೈದು ಆರ್ಡರ್ ಒಪ್ಪಿಗೆಯಾಗುವ ಅಂಗಡಿಗೆ ಕೈಯಲ್ಲೇ ಮಾಡಿ ಎನ್ನುತ್ತೇನೆ. ಟೈಪ್ ಮಾಡುವಾಗ ಕಣ್ಣು ಪ್ರತಿ ಸಾಲನ್ನೂ ಒಮ್ಮೆ ನೋಡುತ್ತದೆ. ಹನ್ನೆರಡರ ಜಾಗದಲ್ಲಿ ನೂರಿಪ್ಪತ್ತು ಬಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕಿಂತ ಹೆಚ್ಚಾದರೆ ಎಕ್ಸೆಲ್ ದಾರಿ ಹಿಡಿಯಿರಿ. ಟ್ಯಾಲಿಪ್ರೈಮಿನ 4.0 ಆವೃತ್ತಿಯಿಂದ ಎಕ್ಸೆಲ್ ಕಡತವನ್ನು ನೇರವಾಗಿ ಒಳಗೆಳೆಯಬಹುದು. ಮೊದಲು ಬ್ಯಾಕಪ್ ತೆಗೆದು, ಕಂಪನಿಯ ಪ್ರತಿಯೊಂದರಲ್ಲಿ ಮೂರು ಆರ್ಡರ್ ಹಾಕಿ ನೋಡಿ: ಮಹಾರಾಷ್ಟ್ರದೊಳಗಿನದು ಒಂದು, ಹೊರರಾಜ್ಯದ್ದು ಒಂದು, ರಿಯಾಯಿತಿ ಇರುವುದು ಒಂದು. ಮೂರೂ ಪೈಸೆ ಸಮೇತ ಹೊಂದಿದ ಮೇಲೆ ನಿಜವಾದ ಕಡತಕ್ಕೆ ಕೈಹಾಕಿ.

ಅಡ್ವಾನ್ಸ್ ಬಂದರೆ?

ಎಸ್ಟಿಮೇಟ್ ಒಪ್ಪಿದ ಗಿರಾಕಿ ಅಲ್ಲೇ ಯುಪಿಐಯಿಂದ ಅಡ್ವಾನ್ಸ್ ಹಾಕುವುದು ಈಗ ಸಾಮಾನ್ಯ. ಗೊಂದಲ ಹೆಚ್ಚು ಹುಟ್ಟುವುದು ಇಲ್ಲೇ. ಮೊಬೈಲ್ ಸಾಫ್ಟ್‌ವೇರಿನಲ್ಲಿ ಹಣ ಬಂದದ್ದನ್ನು ದಾಖಲಿಸುವ ಜಾಗ ಇದ್ದರೂ ಬಳಸಬೇಡಿ. ಹಣ ಬ್ಯಾಂಕಿಗೆ ಬಂದದ್ದು ಡೆಸ್ಕ್‌ಟಾಪಿನಲ್ಲಿ ರಸೀದಿಯಾಗಿ ಒಮ್ಮೆ ಮಾತ್ರ ಏರಬೇಕು. ಮೊಬೈಲಿನಲ್ಲಿ ‘ಅಡ್ವಾನ್ಸ್ ಬಂದಿದೆ’ ಎಂದು ಟಿಪ್ಪಣಿ ಬರೆದರೆ ಸಾಕು.

ತೆರಿಗೆಯ ದೃಷ್ಟಿಯಿಂದ ಸರಕಿಗೂ ಸೇವೆಗೂ ಇಲ್ಲಿ ವ್ಯತ್ಯಾಸವಿದೆ. ಸರಕಿನ ಮುಂಗಡಕ್ಕೆ, ಕಂಪೋಸಿಶನ್ ಯೋಜನೆಯಲ್ಲಿ ಇಲ್ಲದವರು, 2017ರ ನವೆಂಬರ್ 15ರಿಂದ ಹಣ ಬಂದಾಗಲೇ ಜಿಎಸ್‌ಟಿ ಕಟ್ಟಬೇಕಿಲ್ಲ. ಬಿಲ್ ಮಾಡಿದಾಗ ಕಟ್ಟಿದರೆ ಸಾಕು. ಸೇವೆಯ ಮುಂಗಡಕ್ಕೆ ಹಾಗಲ್ಲ. ಹಣ ಕೈಗೆ ಬಂದಾಗಲೇ ತೆರಿಗೆಯ ಹೊಣೆ ಬರುತ್ತದೆ, ರಿಸೀಟ್ ವೋಚರ್ ಕೊಡಬೇಕು. ಕೆಲಸ ರದ್ದಾಗಿ ಹಣ ಮರಳಿಸಿದರೆ ರೀಫಂಡ್ ವೋಚರ್. ಕೇಟರಿಂಗಿನವರು, ಇಂಟೀರಿಯರ್ ಕಾಂಟ್ರಾಕ್ಟ್ ಹಿಡಿಯುವವರು ಇದನ್ನು ಗಮನಿಸಲೇಬೇಕು. ಸಾಮಾನೂ ಕೂಲಿಯೂ ಕೂಡಿದ ಕೆಲಸ ಸರಕೋ ಸೇವೆಯೋ ಎಂಬುದು ಕೆಲಸದ ಸ್ವರೂಪದ ಮೇಲಿದೆ. ನಿಮ್ಮ ಮಾಮೂಲಿ ಕೆಲಸಗಳ ಪಟ್ಟಿಯನ್ನು ಸಿಎ ಮುಂದಿಟ್ಟು ಒಮ್ಮೆ ತೀರ್ಮಾನಿಸಿಕೊಂಡು, ಅದನ್ನು ಬರೆದು ಕ್ಯಾಶ್ ಕೌಂಟರಿನ ಬಳಿ ಅಂಟಿಸಿ.

ಸಾಮಾನ್ಯ ತಪ್ಪುಗಳು

*ಎಸ್ಟಿಮೇಟನ್ನೇ ಬಿಲ್ಲಿನಂತೆ ಬಳಸುವುದು.* ‘ಕಚ್ಚಾ ಬಿಲ್’ ಎಂಬ ಹಳೆಯ ಅಭ್ಯಾಸ ಮೊಬೈಲಿಗೂ ಬಂದಿದೆ. ಟೆಂಪೋದಲ್ಲಿ ಸಾಮಾನು ತುಂಬಿ ಡ್ರೈವರನ ಕೈಗೆ ಎಸ್ಟಿಮೇಟಿನ ಪ್ರಿಂಟ್ ಕೊಟ್ಟು ಕಳಿಸುತ್ತಾರೆ. ಸಾಮಾನಿನ ಜೊತೆ ಇರಬೇಕಾದದ್ದು ತೆರಿಗೆ ಬಿಲ್ ಅಥವಾ ಡೆಲಿವರಿ ಚಲನ್. ಮಹಾರಾಷ್ಟ್ರದೊಳಗೆ ಸಾಗಿಸುವ ಮಾಲಿನ ಮೌಲ್ಯ 1 ಲಕ್ಷ ರೂಪಾಯಿ ಮೀರಿದರೆ ಇ-ವೇ ಬಿಲ್ಲೂ ಬೇಕು. ಬಿಲ್ಲಿಲ್ಲದೆ ಮಾರಿದರೆ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅಷ್ಟು ದಂಡ. ವಾಹನ ತಡೆದು ನಿಲ್ಲಿಸುವ ಅಧಿಕಾರವೂ ಅಧಿಕಾರಿಗಳಿಗಿದೆ. ಎಸ್ಟಿಮೇಟಿನ ಮೇಲೆಯೇ ‘ಇದು ತೆರಿಗೆ ಬಿಲ್ ಅಲ್ಲ’ ಎಂದು ಅಚ್ಚಾಗುವಂತೆ ಮಾಡಿಡಿ.

*ಎರಡೂ ಕಡೆ ಬಿಲ್ ಮಾಡುವುದು.* ಹುಡುಗ ಅವಸರದಲ್ಲಿ ಮೊಬೈಲಿನಿಂದ ಒಂದು, ಅಂಗಡಿಯಿಂದ ಇನ್ನೊಂದು. ಮಾರಾಟ ದುಪ್ಪಟ್ಟು, ತೆರಿಗೆಯೂ ದುಪ್ಪಟ್ಟು. ವರ್ಷದ ವಹಿವಾಟು 5 ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಬಿಲ್ಲಿನ ಸಂಖ್ಯೆ ಬೇರೆಯಾದರೆ ಒಂದೇ ಮಾರಾಟಕ್ಕೆ ಪೋರ್ಟಲಿನಲ್ಲಿ ಎರಡು ನೋಂದಣಿಯಾಗುತ್ತದೆ. ಪೋರ್ಟಲಿನಲ್ಲಿ ಅದನ್ನು ರದ್ದುಮಾಡಲು ಇರುವುದು 24 ಗಂಟೆ ಮಾತ್ರ.

*ಒಪ್ಪಿದ ಎಸ್ಟಿಮೇಟನ್ನು ತಿದ್ದುವುದು.* ಗಿರಾಕಿ ಎರಡು ಕ್ಯಾಮೆರಾ ಹೆಚ್ಚಿಗೆ ಕೇಳಿದರೆ ಹಳೆಯದನ್ನೇ ತೆರೆದು ಬದಲಿಸಬೇಡಿ. ಅದೇ ಸಂಖ್ಯೆಗೆ ‘ಆರ್ 1’ ಸೇರಿಸಿ ಹೊಸದು ಮಾಡಿ, ಹಳೆಯದನ್ನು ರದ್ದೆಂದು ಗುರುತಿಸಿ. ಗಿರಾಕಿಯ ಫೋನಿನಲ್ಲಿರುವ ಪಿಡಿಎಫ್‌ಗೂ ನಿಮ್ಮಲ್ಲಿರುವುದಕ್ಕೂ ವ್ಯತ್ಯಾಸ ಬಂದರೆ ನಂಬಿಕೆ ಹೋಗುತ್ತದೆ.

*ರೇಟನ್ನು ಮೊಬೈಲಿನಲ್ಲಿ ತಿದ್ದಿ ಡೆಸ್ಕ್‌ಟಾಪಿನಲ್ಲಿ ಬಿಡುವುದು.* ಐಟಂ ಪಟ್ಟಿಯ ಯಜಮಾನ ಡೆಸ್ಕ್‌ಟಾಪೇ. ಹೊಸ ಐಟಂ, ಹೊಸ ರೇಟು ಅಲ್ಲಿ ಮೊದಲು, ಆಮೇಲೆ ಮೊಬೈಲಿಗೆ.

ಎಚ್ಚರಿಕೆಗಳು

ಟ್ಯಾಲಿಯ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದವುಗಳ ಸಿಂಕ್ ಫೋಲ್ಡರಿನೊಳಗೆ ಇಟ್ಟು ‘ಎಲ್ಲಿಂದಲಾದರೂ ತೆರೆಯಬಹುದು’ ಎಂದು ಹೇಳುವವರಿದ್ದಾರೆ. ಕೇಳಬೇಡಿ. ಟ್ಯಾಲಿ ಬರೆಯುತ್ತಿರುವಾಗಲೇ ಅರ್ಧ ಕಡತ ಮೇಲೇರಿದರೆ, ಎರಡು ಕಂಪ್ಯೂಟರಿನಿಂದ ಒಟ್ಟಿಗೆ ತೆರೆದರೆ, ಡೇಟಾ ಕೆಡಬಹುದು. ಮುಗಿದ ಬ್ಯಾಕಪ್ಪಿನ ಪ್ರತಿಯನ್ನು ಡ್ರೈವಿಗೆ ಏರಿಸುವುದರಲ್ಲಿ ತಪ್ಪಿಲ್ಲ.

ಟ್ಯಾಲಿ ಇತರ ಸಾಫ್ಟ್‌ವೇರ್‌ಗಳ ಜೊತೆ ಮಾತಾಡಲು ಸಾಮಾನ್ಯವಾಗಿ 9000 ಸಂಖ್ಯೆಯ ಪೋರ್ಟ್ ಬಳಸುತ್ತದೆ. ಜೋಡಣೆ ಮಾಡಲು ಬಂದವರು ಅದನ್ನು ರೂಟರಿನಲ್ಲಿ ಇಂಟರ್‌ನೆಟ್ಟಿಗೆ ತೆರೆದಿಡಲು ಹೇಳಿದರೆ ಒಪ್ಪಬೇಡಿ. ನಿಮ್ಮ ಲೆಕ್ಕ ಬೀದಿಗೆ ಬಿದ್ದಂತೆ. ಮೊಬೈಲ್ ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಲೋಕಲ್ ರೈಲಿನ ಗದ್ದಲದಲ್ಲಿ ಫೋನ್ ಕಳೆದುಹೋದರೆ ಅಂಗಡಿಯಿಂದಲೇ ಆ ಲಾಗಿನ್ ತೆಗೆಯುವುದು ಹೇಗೆಂದು ಇವತ್ತೇ ಕಲಿತಿಡಿ. ಹುಡುಗ ಕೆಲಸ ಬಿಟ್ಟ ದಿನವೂ ಮಾಡಬೇಕಾದದ್ದು ಅದೇ. ಇಲ್ಲದಿದ್ದರೆ ನಿಮ್ಮ ಗಿರಾಕಿಗಳ ಪಟ್ಟಿ, ರೇಟು ಎರಡೂ ಅವನ ಜೊತೆ ಹೋಗುತ್ತವೆ.

ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಒಪ್ಪಿದ ಎಸ್ಟಿಮೇಟುಗಳನ್ನೂ ಅಷ್ಟೇ ಕಾಲ ಇಡಿ. ಬಿಲ್ಲಿನ ರೇಟು ಹೇಗೆ ಬಂತೆಂಬುದಕ್ಕೆ ಅದೇ ಸಾಕ್ಷಿ.

ಯಾರಿಗೆ ಇದು ಬೇಡ?

ಈಗಷ್ಟೇ ವ್ಯಾಪಾರ ಶುರುಮಾಡುತ್ತಿದ್ದು ಡೆಸ್ಕ್‌ಟಾಪಿನಲ್ಲಿ ಹಳೆಯ ಲೆಕ್ಕವೇ ಇಲ್ಲದಿದ್ದರೆ ಎರಡನ್ನು ನಡೆಸುವ ಗೋಜಿಗೆ ಹೋಗಬೇಡಿ. ಎಸ್ಟಿಮೇಟಿನಿಂದ ಬಿಲ್ಲಿನವರೆಗೆ ಒಂದೇ ಆನ್‌ಲೈನ್ ಸಾಫ್ಟ್‌ವೇರಿನಲ್ಲಿ ನಡೆಸಿ, ಸಿಎಗೆ ಅದರಲ್ಲೇ ಲಾಗಿನ್ ಕೊಡಿ. ತಿಂಗಳಿಗೆ ಬೆರಳೆಣಿಕೆಯ ಎಸ್ಟಿಮೇಟ್ ಕೊಡುವವರಿಗೂ ಇದು ಅನಗತ್ಯ. ಫೋನಿನಲ್ಲಿ ಒಂದು ಎಕ್ಸೆಲ್ ನಮೂನೆ ಸಾಕು. ಡೆಸ್ಕ್‌ಟಾಪಿನ ಪರದೆಯನ್ನೇ ರಿಮೋಟಿನಲ್ಲಿ ಫೋನಿಗೆ ತಂದು ಕೆಲಸ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ತುರ್ತಿಗೆ ಆಗಬಹುದು. ಆರಿಂಚಿನ ಪರದೆಯಲ್ಲಿ ಟ್ಯಾಲಿಯ ಕೀಲಿಗಳನ್ನು ಒತ್ತುತ್ತ ಗಿರಾಕಿಯನ್ನು ಕಾಯಿಸುವುದು ರೂಢಿಯಾಗಬಾರದು.

ಹೇಗೆ ಶುರುಮಾಡಬೇಕು?

ನಾಲ್ಕೂ ಊರಿಗೆ ಒಮ್ಮೆಲೇ ಹಚ್ಚಬೇಡಿ. ಅಂಗಡಿಗೆ ದೂರವಾದ ಕಡೆಯಿಂದ ಶುರುಮಾಡಿ, ಡೊಂಬಿವಲಿಯವರಾದರೆ ನವಿ ಮುಂಬಯಿಯಿಂದ. ತಡದಿಂದ ಕೆಲಸ ಕೈತಪ್ಪುವುದು ಅಲ್ಲೇ ಹೆಚ್ಚು. ಒಬ್ಬ ಹುಡುಗ, ಒಂದು ಫೋನ್, ಹೆಚ್ಚು ಮಾರಾಟವಾಗುವ ಐವತ್ತು ಐಟಂ. ಎರಡು ವಾರ ಬಿಟ್ಟು ಶನಿವಾರ ಸಂಜೆ ಎರಡು ಪಟ್ಟಿ ಮುದ್ರಿಸಿ: ಮೊಬೈಲಿನಲ್ಲಿ ಒಪ್ಪಿಗೆಯಾದ ಎಸ್ಟಿಮೇಟುಗಳು, ಡೆಸ್ಕ್‌ಟಾಪಿನಲ್ಲಿ ದಾಖಲಾದ ಸೇಲ್ಸ್ ಆರ್ಡರುಗಳು. ಸಂಖ್ಯೆಗೆ ಸಂಖ್ಯೆ, ಮೊತ್ತಕ್ಕೆ ಮೊತ್ತ ಟಿಕ್ ಹಾಕುತ್ತ ಬನ್ನಿ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಪ್ರತಿ ಸಾಲಿಗೂ ಕಾರಣ ಹುಡುಕಿ ಬರೆದಿಡಿ. ಎರಡೂ ಪೂರ್ತಿ ಹೊಂದಿದ ಮೇಲೆ ಥಾಣೆಯ ಹುಡುಗನಿಗೂ ಲಾಗಿನ್ ಕೊಡಿ.